ಕೋತಿ ಬಿಚ್ಚದ ಗಂಟು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರನ್ನೇ ಕೇಳಿ, ಶಾಹೀನಳ ಟೊಮ್ಯಾಟೊ ಗಿಡವನ್ನು ಕೆಡವಿದ್ದು ಕೋತಿ ಎನ್ನುತ್ತಾರೆ. ಆ ದಿನಗಳಲ್ಲಿ ಶಿವರಾತ್ರಿ ಕಳೆದರೆ ಸಾಕು, ಕೋಟೆಗುಡ್ಡದ ಕೋತಿಗಳು ಊರಿಗಿಳಿದು ಒಣಹಾಕಿದ ಹಪ್ಪಳವನ್ನೂ ಬಿಡುತ್ತಿರಲಿಲ್ಲ, ನಿಜ. ಆದರೆ ಅವತ್ತು ಕೋತಿಯನ್ನು ಕಂಡವರು ಯಾರು? ಒಬ್ಬರೂ ಇಲ್ಲ.

ನಾವಿಬ್ಬರೂ ಆಗ ಏಳನೇ ತರಗತಿ. ಶಾಹೀನಳದು ನೇಕಾರರ ಮನೆ. ಒಳಗಿನ ಜಾಗವೆಲ್ಲ ಮಗ್ಗಕ್ಕೆ, ಹೊರಗೆ ನೆಟ್ಟದ್ದೆಲ್ಲ ಆಡಿನ ಬಾಯಿಗೆ. ಅದಕ್ಕೇ ಅವಳು ಎಣ್ಣೆ ಡಬ್ಬಿಯ ತಳಕ್ಕೆ ತೂತು ಕೊರೆದು, ಸಸಿಯ ತಲೆಯನ್ನು ಅಲ್ಲಿಂದ ಕೆಳಕ್ಕಿಳಿಸಿ, ಸುತ್ತ ಚಿಂದಿ ತುರುಕಿ, ಮೇಲಿಂದ ಮಣ್ಣು ತುಂಬಿ, ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದಳು. ಜಗ್ಗಿದಷ್ಟೂ ಬಿಗಿಯುವ ಮಗ್ಗದ ಗಂಟು. ಒಳಗಿನ ಕುಣಿಕೆಯನ್ನು ಮೊದಲು ಹಿಂದಕ್ಕೆ ದೂಡಿದರೆ ಮಾತ್ರ ಬಿಚ್ಚುತ್ತದೆ. ಅದನ್ನು ನನಗೂ ಕಲಿಸಿದಳು.

ನಾನೋ, ಚರ್ಚಾಸ್ಪರ್ಧೆಯಲ್ಲಿ ಆಗಲೇ ಎರಡು ಬಹುಮಾನ ಗೆದ್ದವಳು.

“ಬುಡ ಮ್ಯಾಗ, ತುದಿ ಕೆಳಗ. ತೊಗಲಬಾವಲಿ ಬೆಳಸಾಕತ್ತೀಯೇನ?” ಎಂದು ಶಾಲೆಯಲ್ಲಿ ಕೆಣಕಿದೆ.

“ಬಾವಲಿ ಮರಿ ಹಾಕೂದಿಲ್ಲೇನ? ಇದೂ ಹಣ್ಣ ಬಿಡ್ತೈತಿ.”

“ಬಿಟ್ರ ಇಡೀ ಕ್ಲಾಸಿನ ಮುಂದ ನಿಂತು ‘ಸೋತೆ’ ಅಂತೀನಿ, ನೋಡ್ಕೊ!”

ಕೇಳಿಸಿಕೊಂಡ ಟೀಚರ್ ನಕ್ಕರು. “ಹಣ್ಣಾದ್ರ ರೋಣದ ವಿಜ್ಞಾನ ಮೇಳಕ್ಕ ಗಿಡಾನೂ ಒಯ್ಯೂಣು, ಶಾಹೀನನ್ನೂ ಒಯ್ಯೂಣು.” ಅವಳು ಅಂದಿನಿಂದಲೇ ಬಸ್ಸಿನ ಕಿಟಕಿ ಸೀಟಿನ ಮಾತು ಶುರುಮಾಡಿದಳು.

ಕೆಲವು ದಿನ ಕೆಳಗಿಳಿದ ಕುಡಿ ಆಮೇಲೆ ಡೊಂಕಾಗಿ ಮೇಲಕ್ಕೆ ಹೊರಳಿತು. “ನೋಡು, ಗಿಡಕ್ಕೂ ನನ್ನ ಮಾತ ಖರೇ ಅನಿಸೇತಿ” ಎಂದೆ. ಅವಳ ಅಜ್ಜಿ ಮಗ್ಗದಿಂದಲೇ ಕೂಗಿದಳು: “ಸಾಕ್ ಬಿಡ, ವಕೀಲವ್ವ! ಹಣ್ಣಾಗ್ಲಿ, ಗಿರಮಿಟ್ಟಿಗೆ ಹೆಚ್ಚಿ ಹಾಕ್ತೀನಿ, ಮೊದಲ ನೀನ ತಿನ್ನಾಕಿ.”

ಹೂವಾಯಿತು, ಮೂರು ಕಾಯಿಯಾಯಿತು. ಒಂದು ಶನಿವಾರ ಅದರಲ್ಲೊಂದರ ಕೆನ್ನೆ ಕೆಂಪಾಯಿತು. ಸೋಮವಾರ ಗಿಡ ಶಾಲೆಗೆ ಹೋಗಬೇಕು. ನಾನು ಕ್ಲಾಸಿನ ಮುಂದೆ ನಿಲ್ಲಬೇಕು.

ಭಾನುವಾರ ಮಧ್ಯಾಹ್ನ ಮಗ್ಗ ನಿಂತಿತ್ತು, ಮನೆಯವರು ಅಡ್ಡಾಗಿದ್ದರು. ನಾನು ಹೋದೆ. ಆ ಕೆಂಪು ಹಣ್ಣೊಂದನ್ನು ಕೀಳಲಷ್ಟೇ ಹೋಗಿದ್ದೆ ಎಂದು ನನ್ನೊಳಗೇ ಬಹಳ ಸಲ ವಾದಿಸಿದ್ದೇನೆ. ಆ ವಾದ ನಿಲ್ಲುವುದಿಲ್ಲ. ಹಣ್ಣು ನೆಲದಲ್ಲಿ ನಿಂತರೇ ಎಟುಕುತ್ತಿತ್ತು. ಗಂಟು ಎಟುಕಲು ಪಡಸಾಲೆಯ ಕಟ್ಟೆ ಹತ್ತಬೇಕಿತ್ತು. ನಾನು ಕಟ್ಟೆ ಹತ್ತಿದೆ.

ಡಬ್ಬಿ ಬಿದ್ದ ಸದ್ದಿಗೆ ಓಡಿದೆ. ಕೈಗಂಟಿದ ಟೊಮ್ಯಾಟೊ ಎಲೆಯ ಹಸಿ ವಾಸನೆ ಎರಡು ಸಲ ಸಾಬೂನು ಹಚ್ಚಿದರೂ ಹೋಗಲಿಲ್ಲ.

ಸಂಜೆ ಓಣಿಯೆಲ್ಲ ಅಲ್ಲಿ ಸೇರಿತ್ತು. ಮುರಿದ ಕಾಂಡ, ಜಜ್ಜಿಹೋದ ಕಾಯಿ. “ಯಾರ್ ಮಾಡಿದ್ರಬೇ ಇದನ್ನ?” ಎಂದು ಅಜ್ಜಿ ಕೇಳಿದಳು. ಶಾಹೀನ ಎಲ್ಲೂ ಹರಿಯದ ಆ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನನ್ನನ್ನೊಮ್ಮೆ ನೋಡಿದಳು. “ಮಂಗ್ಯಾ ಬಂದಿತ್ತು” ಎಂದಳು.

ಅವಳು ರೋಣಕ್ಕೆ ಹೋಗಲಿಲ್ಲ. ನಾನು ‘ಸೋತೆ’ ಎನ್ನಲಿಲ್ಲ. ಆಮೇಲೆ ಕಾಲೇಜಿನವರೆಗೂ ಎಷ್ಟೋ ವೇದಿಕೆ ಗೆದ್ದೆ. ನನ್ನ ಮಾತಿಗೆ ಬಾವಲಿಯ ಮರಿಯನ್ನು ತಂದು ಎದುರಿಡುವವರು ಮತ್ತೆ ಸಿಗಲಿಲ್ಲ. ಈಗ ನಾನು ಏನೇ ಹೇಳಲಿ, ಶಾಹೀನ “ಹೌದ್ ಬಿಡವಾ” ಎಂದುಬಿಡುತ್ತಾಳೆ.

ಶಾಹೀನ, ನಿಮ್ಮ ಮನೆಯಾಚೆ ಆ ಗಂಟು ಬಿಚ್ಚಲು ಗೊತ್ತಿದ್ದದ್ದು ನನಗೊಬ್ಬಳಿಗೇ. ಹಾಗಿದ್ದೂ ಕೋತಿಯ ಹೆಸರನ್ನು ಮೊದಲು ಎತ್ತಿದವಳು ನೀನೇ ಯಾಕೆ?