ನೂರಾ ಹದಿನೈದು ಬಂದರೆ ನೆಮ್ಮದಿ

ಬೆಳಗಿನ ಐದೂಕಾಲು. ಆಸ್ಪತ್ರೆಯ ನವಜಾತ ಶಿಶುಗಳ ಕೋಣೆಯ ಹೊರಗೆ ಆಕೆ ಚಪ್ಪಲಿ ಬಿಡುತ್ತಾರೆ, ಮೊಣಕೈವರೆಗೆ ಕೈ ತೊಳೆಯುತ್ತಾರೆ, ಒಳಗೆ ಬಂದು ಮಕ್ಕಳಿಗೆ ಬಿಸಿ ಕೊಡುವ ಯಂತ್ರದ ಕೆಳಗೆ ಬರಿಗೈ ಒಡ್ಡಿ ಸುಮ್ಮನೆ ನಿಲ್ಲುತ್ತಾರೆ. ಕರೆಂಟ್ ಅಳೆಯುವ ಮೀಟರು ಇನ್ನೂ ಜೇಬಿನಲ್ಲೇ ಇದೆ. ಇಂಥ ಹಳೆಯ ಯಂತ್ರಗಳು ಇಲ್ಲಿ ಮೂರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಅವುಗಳ ಕೆಳಗೆ ಮಲಗಿವೆ. ಮೊದಲೆರಡು ಸರಿಯಿವೆ. ಮೂರನೆಯದರ ಕೆಳಗೆ ಆಕೆಯ ಕೈ ಹೆಚ್ಚು ಹೊತ್ತು ನಿಲ್ಲುತ್ತದೆ.

"ಯಾಕೋ ಬಿಸಿ ಕಮ್ಮಿ ಅನ್ಸುತ್ತೆ ಸಿಸ್ಟರ್" ಅನ್ನುತ್ತಾರೆ.

ನರ್ಸ್ ಹೌದೆನ್ನುತ್ತಾರೆ. ಒಂದು ಗಂಟೆಯಿಂದ ಆ ಮಗುವಿನ ಅಂಗಾಲು ತಣ್ಣಗಾಗುತ್ತಿದೆಯಂತೆ. ತೂಕ ಒಂದು ಕಿಲೋ ನಾನೂರು ಗ್ರಾಂ. ಯಂತ್ರ ಕೆಟ್ಟಿದ್ದರೆ ಎರಡು ಗಂಟೆ ದೂರದ ದೊಡ್ಡಾಸ್ಪತ್ರೆಗೆ ಕಳಿಸದೆ ಗತ್ಯಂತರವಿಲ್ಲ. ಪಕ್ಕದ ವಾರ್ಡಿನಲ್ಲಿರುವ ತಾಯಿಗೆ ಹೊಟ್ಟೆ ಕೊಯ್ದು ಇನ್ನೂ ಎರಡೇ ದಿನ, ಅಷ್ಟು ದೂರ ಹೋಗುವ ಸ್ಥಿತಿಯಲ್ಲಿಲ್ಲ. ಹೋದರೆ ಮಗು ಒಂಟಿಯಾಗಿ ಹೋಗಬೇಕು.

"ಐದು ನಿಮಿಷ ಕೊಡಿ. ಭಾಗಿಸಿ ಹೇಳ್ತೀನಿ."

ಆಸ್ಪತ್ರೆಯ ಈ ಎಲೆಕ್ಟ್ರಿಷಿಯನ್ನನ್ನು ಎಲ್ಲರೂ ಕರೆಯುವುದು ಭಾಗಾಕಾರದಕ್ಕ ಎಂದೇ. ವಯಸ್ಸು ಐವತ್ತೆಂಟು. ಕಸ ಗುಡಿಸುವ ಕೆಲಸಕ್ಕೆ ಸೇರಿದವರು, ಹಳೆಯ ಮೇಸ್ತ್ರಿಯ ಹಿಂದೆ ಏಣಿ ಹೊತ್ತು ತಿರುಗುತ್ತ ವೈರಿಂಗ್ ಕಲಿತರು. ಲೆಕ್ಕ ಕಲಿಸಿದ್ದು ಮಾತ್ರ ಮೂರನೇ ಕ್ಲಾಸಿನಲ್ಲಿದ್ದ ಮಗಳು. "ಅವಳೇ ಟೀಚರ್ರು. ನಾನು ತಪ್ಪು ಮಾಡಿದ್ರೆ ಕಿವಿ ಹಿಂಡೋಳು" ಎಂದು ನಗುತ್ತಾರೆ.

ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನನಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಅಕ್ಕ ಹೇಳಿದರೆ ಅರ್ಥವಾಗುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಯಂತ್ರದೊಳಗೆ ಕಾಯುವ ತಂತಿ ಸುರುಳಿ ಕರೆಂಟಿಗೆ ಒಡ್ಡುವ ತಡೆ ಎಷ್ಟು ಓಮ್ ಎಂದು ಸಿಗುತ್ತದೆ. ಗುಣಿಸಿದರೆ ಅದು ಕೊಡುವ ಬಿಸಿ ಎಷ್ಟು ವ್ಯಾಟ್ ಎಂದು ಸಿಗುತ್ತದೆ. ಸರಿಯಿರುವ ಯಂತ್ರಕ್ಕೆ ಇನ್ನೂರ ಮೂವತ್ತು ವೋಲ್ಟು, ಎರಡು ಆಂಪಿಯರ್. ಭಾಗಿಸಿದರೆ ನೂರಾ ಹದಿನೈದು, ಗುಣಿಸಿದರೆ ನಾನೂರ ಅರವತ್ತು. ಸುರುಳಿ ಸವೆಯುತ್ತ ಬಂದರೆ ಆ ನೂರಾ ಹದಿನೈದು ಮೇಲೇರುತ್ತದೆ. ಅದು ಏರದಿದ್ದರೆ ಯಂತ್ರ ಗಟ್ಟಿಯಿದೆ ಎಂದೇ ಅರ್ಥ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಮೂರೂ ಯಂತ್ರಗಳ ಲೆಕ್ಕ ಆಕೆಯ ನೋಟ್‌ಬುಕ್ ಸೇರುತ್ತಿದೆ. ಬರೆಯಿರಿ ಎಂದು ಯಾರೂ ಹೇಳಿಲ್ಲ, ಬರೆದದ್ದನ್ನು ಯಾರೂ ಕೇಳಿಲ್ಲ.

ಒಂಬತ್ತು ವರ್ಷದ ಹಿಂದೆ ಹೀಗೇ ಒಂದು ಮಗುವಿನ ಕಾಲು ತಣ್ಣಗಾಗಿತ್ತು. ಕರೆಂಟ್ ಅಳೆಯುವ ಮೀಟರಿನ ಬಾಯಿಗೆ ಒಂದು ತಂತಿಯನ್ನಷ್ಟೇ ಕೊಡಬೇಕು. ಗಡಿಬಿಡಿಯಲ್ಲಿ ಅಕ್ಕ ಎರಡೂ ತಂತಿಯಿರುವ ವೈರನ್ನು ಇಡಿಯಾಗಿ ಹಿಡಿದರು. ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿ ಮೀಟರು ಸೊನ್ನೆ ತೋರಿಸಿತು. ಯಂತ್ರ ಸತ್ತಿದೆ ಎಂದು ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ನಿಜಕ್ಕೂ ಯಂತ್ರ ಚೆನ್ನಾಗಿಯೇ ಇತ್ತು. ಸರಿಯಾಗಿ ಮುಚ್ಚದ ಕಿಟಕಿಯಿಂದ ಗಾಳಿ ಬೀಸುತ್ತಿತ್ತು, ಅಷ್ಟೇ.

"ಮೀಟರು ಸೊನ್ನೆ ಅಂತು, ನಾನೂ ಸೊನ್ನೆ ಅಂದೆ. ಒಂದ್ಸಲ ಕೈ ಒಡ್ಡಿ ನೋಡಿದ್ರೆ ಸಾಕಿತ್ತು. ಮಗು ಉಳೀತು, ಅದೊಂದು ಪುಣ್ಯ. ಆದ್ರೆ ಆ ತಾಯಿ ಎಂಟು ದಿನ ಇಲ್ಲಿ, ಕೂಸು ಅಲ್ಲಿ. ಹಾಲು ಹಿಂಡಿ ಹಿಂಡಿ ಚೆಲ್ತಿದ್ಲು. ನಾನು ಆ ವಾರ್ಡಿನ ಮುಂದೆ ಓಡಾಡೋದೇ ಬಿಟ್ಟಿದ್ದೆ."

ಈಗ ಮೂರನೇ ಯಂತ್ರದ ಮುಂದೆ ಅವರು ಒಂದೇ ತಂತಿಯನ್ನು ಬೇರ್ಪಡಿಸಿ ಹಿಡಿಯುತ್ತಾರೆ. ನೂರ ಎಂಬತ್ತನಾಲ್ಕು ವೋಲ್ಟು, ಒಂದು ಪಾಯಿಂಟ್ ಆರು ಆಂಪಿಯರ್. ಎರಡೂ ಬಿದ್ದಿವೆ. ಯಂತ್ರದ ಕಥೆ ಮುಗಿಯಿತು ಎಂದುಕೊಳ್ಳುತ್ತೇನೆ. ಅಕ್ಕ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟು ಭಾಗಿಸುತ್ತಾರೆ, ಇನ್ನೊಮ್ಮೆ ಭಾಗಿಸುತ್ತಾರೆ. ಎರಡು ಸಲವೂ ನೂರಾ ಹದಿನೈದೇ. ಗುಣಿಸಿದರೆ ಇನ್ನೂರ ತೊಂಬತ್ನಾಲ್ಕು ವ್ಯಾಟ್ ಚಿಲ್ಲರೆ. ಬಿಸಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಖೋತಾ.

"ಪಾಪ, ಇದರದ್ದೇನೂ ತಪ್ಪಿಲ್ಲ" ಎಂದು ಯಂತ್ರದ ಬೆನ್ನು ತಟ್ಟುತ್ತಾರೆ. ಉಳಿದೆರಡಕ್ಕೆ ಇನ್ನೂರ ಮೂವತ್ತು ವೋಲ್ಟು ಬರುತ್ತಿರುವಾಗ ಇದಕ್ಕೆ ಬರಬೇಕಾದ ನಲವತ್ತಾರು ವೋಲ್ಟು ದಾರಿಯಲ್ಲೆಲ್ಲೋ ಮಾಯವಾಗುತ್ತಿದೆ. ಗೋಡೆಯ ಸಾಕೆಟ್ಟಿಗೆ ಅಂಗೈಯ ಹಿಂಬದಿ ತಾಗಿಸಿ ತಟ್ಟನೆ ಎಳೆದುಕೊಳ್ಳುತ್ತಾರೆ. ಅದು ಸುಡುತ್ತಿದೆ. ಮಾಯವಾದ ನಲವತ್ತಾರನ್ನು ಒಂದು ಪಾಯಿಂಟ್ ಆರರಿಂದ ಗುಣಿಸಿದರೆ ಸಿಗುವ ಎಪ್ಪತ್ತಮೂರು ವ್ಯಾಟ್ ಚಿಲ್ಲರೆ ಬಿಸಿ ಅಲ್ಲಿ ಕೂತು ಗೋಡೆ ಕಾಯಿಸುತ್ತಿದೆ. ಬಿಟ್ಟಿದ್ದರೆ ಬೆಂಕಿಯೇ ಹೊತ್ತಿಕೊಳ್ಳುತ್ತಿತ್ತೇನೋ.

ರಿಪೇರಿ ಮುಗಿಯುವವರೆಗೆ ನರ್ಸ್ ಮಗುವನ್ನು ತಾಯಿಯ ಬರಿಯೆದೆಯ ಮೇಲೆ ಮಲಗಿಸಿ ಹೊದಿಸಿ ಬರುತ್ತಾರೆ. ಅಕ್ಕ ಆ ಒಂದು ಲೈನಿನ ಫ್ಯೂಸ್ ಕಿತ್ತು ಸಾಕೆಟ್ ಬಿಚ್ಚುತ್ತಾರೆ. ಸ್ಕ್ರೂ ಸಡಿಲವಾಗಿ ಹಿತ್ತಾಳೆ ಕರಕಲಾಗಿದೆ. ಸುಟ್ಟ ತಂತಿಯ ತುದಿ ಕತ್ತರಿಸಿ, ಹೊಸ ಸಾಕೆಟ್ ಕೂರಿಸುವುದಕ್ಕೆ ಇಪ್ಪತ್ತು ನಿಮಿಷ. ಮತ್ತೆ ಕೈ ಒಡ್ಡುತ್ತಾರೆ, ಆಮೇಲೆ ಮೀಟರು. ಇನ್ನೂರ ಮೂವತ್ತು, ಎರಡು, ನೂರಾ ಹದಿನೈದು.

ನಿವೃತ್ತಿಗೆ ಎರಡು ವರ್ಷವಿದೆ. ಏನಾದರೂ ಆಸೆ ಇದೆಯಾ ಎಂದರೆ ನೋಟ್‌ಬುಕ್ಕಿನ ಖಾಲಿ ಹಾಳೆ ತೋರಿಸುತ್ತಾರೆ. "ನನ್ನ ಜಾಗಕ್ಕೆ ಬರೋರು ಇದನ್ನ ನಿಲ್ಲಿಸ್ಬಾರ್ದು. ಭಾಗಿಸೋಕೆ ಮುಂಚೆ ಕೈ ಒಡ್ಡೋದನ್ನೂ ಮರೀಬಾರ್ದು."

ಪಕ್ಕದ ವಾರ್ಡಿನಲ್ಲಿ ತಾಯಿ ಮಗುವನ್ನು ಬಿಟ್ಟುಕೊಡಲು ಒಲ್ಲೆನೆನ್ನುತ್ತಿದ್ದಾಳೆ. ದೂರ ಕಳಿಸುತ್ತಾರೆಂಬ ಮಾತು ಅವಳ ಕಿವಿಗೂ ಬಿದ್ದಿದೆ. ಅಕ್ಕ ಹೋಗಿ ಮಂಚದ ಅಂಚಿನಲ್ಲಿ ಕೂರುತ್ತಾರೆ. ಒಂಬತ್ತು ವರ್ಷದ ಹಿಂದೆ ಕಾಲಿಡಲಾರದೆ ಹೋದ ವಾರ್ಡು ಇದೇ.

"ಎಲ್ಲೂ ಕಳಿಸಲ್ಲ ಕಣಮ್ಮ, ಪಕ್ಕದ ಕೋಣೇಲೇ ಇರುತ್ತೆ. ನಿನ್ನ ಮಗೂದು ಒಂದಿಷ್ಟು ಬಿಸಿ ಗೋಡೆ ಕದ್ದಿತ್ತು. ವಾಪಸ್ ಕೊಡಿಸಿದೀನಿ."