ವಿನುತಾ ನೆಟ್ಟ ಇಪ್ಪತ್ತಾರು ಗೂಟ

ಫೋಟೋವನ್ನು ಎಳೆದರೆ ಅದು ದೊಡ್ಡದಾಗುವುದಿಲ್ಲ, ಒಡೆಯುತ್ತದೆ. ಕೈಯಲ್ಲಿ ಮೊಬೈಲ್ ಇರುವ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿಯಿದು. ಮಾದಾಪುರದ ಕರಿಬಸಪ್ಪನ ಡಿಟಿಪಿ ಅಂಗಡಿಯಲ್ಲಿ ಆರು ವರ್ಷದಿಂದ ಲೋಗೋ ಮಾಡುತ್ತಿದ್ದ ವಿನುತಾಳಿಗೇ ಗೊತ್ತಿರಲಿಲ್ಲ. ಪಾಪ, ನೋಡಿ ನೋಡಿ ಕಲಿತವಳು.

ಆ ಬೆಳಿಗ್ಗೆ ಮಡಿಕೇರಿಯ ಬೋರ್ಡ್ ತಯಾರಿಸುವ ಪ್ರಜ್ಞೇಶ್ ಫೋನ್ ಮಾಡಿದ. ಶಕುಂತಲಮ್ಮನ ಮಹಿಳಾ ಸಂಘದ ಕಾಫಿಪುಡಿ ಮಳಿಗೆಗೆ ಇಪ್ಪತ್ತಡಿ ಬೋರ್ಡು. ವಿನುತಾ ಮಾಡಿದ್ದ ಎಲೆಯ ಲೋಗೋ ಪೊಟ್ಟಣದ ಮೇಲೇನೋ ಮುದ್ದಾಗಿಯೇ ಇತ್ತು.

"ಎಂತ ಮಾರಾಯ್ತಿ ಇದು? ಎಲೆಯಾ, ಇಟ್ಟಿಗೆ ಗೂಡಾ? ಹಿಗ್ಗಿಸಿದ್ರೂ ಒಡೆಯದ ವೆಕ್ಟರ್ ಫೈಲ್ ಉಂಟಲ್ಲ ನಿನ್ನತ್ರ?"

"ಇದೆ ಇದೆ," ಎಂದಳು. ಇರಲಿಲ್ಲ.

"ಮಧ್ಯಾಹ್ನ ಎರಡರೊಳಗೆ ಕಳಿಸು. ನಾಳೆ ಓಪನಿಂಗ್ ಅಂತೆ."

ಹಿಂದಿನ ತಿಂಗಳು ಒಂದು ಬೋರ್ಡು ಅಕ್ಷರ ತಪ್ಪಾಗಿ ವಾಪಸು ಬಂದಾಗ ಕರಿಬಸಪ್ಪ ಹೇಳಿದ್ದ: "ಇನ್ನೊಂದ್ ಸಲ ಹಿಂಗಾದ್ರೆ ಕಂಪ್ಯೂಟರ್ ಆಫ್ ಮಾಡಿ ಮನೆಗ್ ನಡಿ ಕಣಮ್ಮ." ಆರು ವರ್ಷ ದುಡಿಸಿಕೊಂಡು ಒಂದು ದಿನವೂ ಕಲಿಸದವನಿಗೆ ಈ ದರ್ಪ! ಅವನೀಗ ಮಾರು ದೂರದಲ್ಲಿ ಜೆರಾಕ್ಸ್ ತೆಗೆಯುತ್ತಿದ್ದ. ಪರದೆ ಅವನಿಗೆ ಕಾಣದಂತೆ ವಿನುತಾ ಕುರ್ಚಿ ಸರಿಸಿಕೊಂಡಳು.

ಮೊದಲು ಅದೇ ಚಿತ್ರವನ್ನು ವೆಕ್ಟರ್ ಫೈಲಿನೊಳಗೆ ಅಂಟಿಸಿ ಕಳಿಸಿದಳು. ಪ್ರಜ್ಞೇಶನ ಉತ್ತರ ಬಂತು: "ಚೀಲ ಹೊಸತು, ಒಳಗೆ ಅದೇ ಫೋಟೋ!" ಆಮೇಲೆ ತಾನಾಗಿಯೇ ಗೆರೆ ಹಿಡಿಯುವ ಬಟನ್ ಒತ್ತಿದಳು. ಎಲೆಯ ಸುತ್ತ ಎರಡು ಸಾವಿರ ಬಿಂದುಗಳು ಇರುವೆ ಸಾಲಿನಂತೆ ಎದ್ದವು. ಅಂಚು ಹುಳ ತಿಂದ ಹಾಗಾಯಿತು. ಗಂಟೆ ಹನ್ನೆರಡೂವರೆ.

ಫೋನ್ ಹಿಡಿದು ಹೊರಗಿನ ಮೆಟ್ಟಿಲಿಗೆ ಬಂದಳು. ಪ್ರಜ್ಞೇಶನಿಗೆ ಕರೆ ಮಾಡಿದಳು. "ಅಣ್ಣಾ, ಸುಳ್ಳು ಹೇಳ್ದೆ. ನಂಗಿದು ಬರಲ್ಲ. ನಮ್ ಓನರ್‌ಗೆ ಮಾತ್ರ ಹೇಳ್ಬೇಡಿ."

ಅವನು ನಗಲಿಲ್ಲ. "ಫೋಟೋ ಅಂದ್ರೆ ಬಣ್ಣದ ಚೌಕ ಜೋಡಿಸಿದ್ದು. ವೆಕ್ಟರ್ ಹಾಗಲ್ಲ. ಬಿಂದು ಎಲ್ಲಿ, ಗೆರೆ ಎಷ್ಟು ಬಾಗಬೇಕು, ಅಷ್ಟೇ ಲೆಕ್ಕ. ಎಷ್ಟು ಹಿಗ್ಗಿಸಿದ್ರೂ ಕಂಪ್ಯೂಟರ್ ಲೆಕ್ಕ ಹೊಸತಾಗಿ ಹಾಕ್ತದೆ. ಬಿಂದು ಕಡಿಮೆ ಇಡು, ತಿರುವಲ್ಲಿ ಇಡು."

ತಿರುವಲ್ಲಿ! ಅವಳ ಅಪ್ಪ ಎಸ್ಟೇಟುಗಳಿಗೆ ಬೇಲಿ ಹಾಕುತ್ತಿದ್ದವನು. ಗೂಟ ತಿರುವಿನಲ್ಲಿ ನೆಡು, ಮಿಕ್ಕದ್ದು ತಂತಿ ನೋಡಿಕೊಳ್ಳುತ್ತದೆ ಎನ್ನುತ್ತಿದ್ದ. ವಿನುತಾ ಎಲೆಯ ತುದಿಗೊಂದು, ತೊಟ್ಟಿಗೊಂದು, ಉಬ್ಬಿಗೊಂದು ಬಿಂದು ನೆಟ್ಟಳು. ಬಿಂದುವಿಗೆ ಅಂಟಿದ ಹಿಡಿಕೆ ಎಳೆದು ಗೆರೆ ಬಾಗಿಸಿದಳು. ನರಗಳೂ ಸೇರಿ ಇಪ್ಪತ್ತಾರು. ನೂರು ಪಟ್ಟು ಹಿಗ್ಗಿಸಿದರೂ ಅಂಚು ಅಲುಗಲಿಲ್ಲ. ಒಂದೂಮುಕ್ಕಾಲಿಗೆ ಫೈಲು ಹೋಯಿತು.

"ಈಗ ಎಲೆ," ಎಂದ ಪ್ರಜ್ಞೇಶ್.

ಭಯ ಇಳಿಯಬೇಕಿತ್ತು. ಆದರೆ ಅವಳು ಹಳೆಯ ಫೋಲ್ಡರ್ ತೆರೆದಳು. ಕಕ್ಕಬೆಯ ಹೋಮ್‌ಸ್ಟೇ, ಜೇನಿನವರು, ಬೇಕರಿ: ನಲವತ್ತಮೂರು ಲೋಗೋ, ಎಲ್ಲವೂ ಅದೇ ಚೌಕಗಳು. ಎಲ್ಲರಿಗೂ ಅವಳೇ ಹೇಳಿದ್ದಳು, ಎಷ್ಟು ದೊಡ್ಡದು ಬೇಕಾದ್ರೂ ಮಾಡಿಸ್ಬೋದು ಎಂದು. ಅವರೂ ಬೋರ್ಡು ಮಾಡಿಸಹೊರಟರೆ? ಎದ್ದು ಹೋಗಿ ಕರಿಬಸಪ್ಪನಿಗೆ ತಾನೇ ಹೇಳಿಬಿಟ್ಟಳು. "ಎಲ್ರಿಗೂ ಫೋನ್ ಮಾಡಿ ತಿಳಿಸ್ಬೇಕು ಅಣ್ಣ."

"ಬಾಯ್ ಮುಚ್ಕೊಂಡಿರು! ಅವ್ರಾಗಿ ಕೇಳಿದ್ರೆ ಮಾಡ್ಕೊಡು. ನೀನಾಗಿ ಹೇಳಿದ್ಯೋ, ಅವತ್ತೇ ಕೊನೆ ನಿಂಗಿಲ್ಲಿ."

ವಿನುತಾ ಬಿಡುವಾದಾಗೆಲ್ಲ ಒಂದೊಂದನ್ನೇ ಹೊಸದಾಗಿ ಬರೆದಿಡುತ್ತಿದ್ದಾಳೆ. ಫೋನ್ ಹೊಡೆದುಕೊಂಡರೆ ಬೆಚ್ಚುತ್ತಾಳೆ. ಇದುವರೆಗೆ ಯಾರೂ ಕೇಳಿಲ್ಲ.

ನಿಮ್ಮ ಲೋಗೋ ತೆರೆಯಿರಿ, ಎರಡು ಬೆರಳಲ್ಲಿ ಹಿಗ್ಗಿಸಿ. ಅಂಚು ಮೆಟ್ಟಿಲಾಯಿತೇ? ಮಾಡಿಕೊಟ್ಟ ಅಂಗಡಿಗೆ ಇವತ್ತೇ ಹೋಗಿ ನಿಮ್ಮ ವೆಕ್ಟರ್ ಫೈಲು ಕೇಳಿ. ಮಾಲೀಕನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ಕೇಳಿ.