ಸಾತಪ್ಪ ಹಿಡಿದ ಭಂಡಾರ

ಜಾಂಬೋಟಿ ರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಕುರುಬರ ಸಾತಪ್ಪ ಎಂದು ಕೇಳಿ ನೋಡಿ. ಡೊಳ್ಳು ಚೆನ್ನಾಗಿ ಬಾರಿಸುತ್ತಾನೆ, ಆಡಿದ ಮಾತಿಗೆ ತಪ್ಪುವುದಿಲ್ಲ ಎಂದು ಹೇಳುತ್ತಾರೆ. ಡೊಳ್ಳು ಅವನ ಹವ್ಯಾಸ, ಮಾತು ಅವನ ಬಂಡವಾಳ. ಬೇರೆಯವರ ಕುರಿಗಳನ್ನು ಪಾಲಿಗೆ ಸಾಕುವುದು ಅವನ ಕಸುಬು. ಮರಿ ಕೊಡಿಸುವವರು ಒಬ್ಬರು, ಮೇಯಿಸುವವನು ಇವನು, ಮಾರಿದಾಗ ಬಂದ ಲಾಭ ಅರ್ಧರ್ಧ. ಗುಡ್ಡದಲ್ಲಿ ಕುರಿ ಸತ್ತಿತೋ, ಇವನೇ ಮಾರಿಕೊಂಡನೋ ಎಂದು ನೋಡಲು ಯಾವ ಮಾಲಕನೂ ಕಲ್ಲು ಮುಳ್ಳು ತುಳಿದು ಬರುವುದಿಲ್ಲ. ಇವನು ಹೇಳಿದ್ದನ್ನೇ ನಂಬಬೇಕು. ಆ ನಂಬಿಕೆ ಹೋದ ದಿನ ಕುರುಬನ ಕೈಯಲ್ಲಿ ಕೋಲೊಂದೇ ಉಳಿಯುತ್ತದೆ.

ಅವನಿಗೆ ಮರಿ ಕೊಡಿಸುತ್ತಿದ್ದವರು ಪೀರನವಾಡಿಯ ದಸ್ತಗೀರಸಾಬರು. ಅವರೂ ನಾಲ್ಕಾರು ವ್ಯಾಪಾರಿಗಳೂ ಸೇರಿ ಬಡ್ಡಿಯಿಲ್ಲದ ಸೊಸೈಟಿಯೊಂದನ್ನು ನಡೆಸುತ್ತಿದ್ದರು. ಬಡ್ಡಿ ಅವರ ಧರ್ಮಕ್ಕೆ ಆಗದು, ಹಾಗಾಗಿ ಸಾಲದ ಬದಲು ವ್ಯಾಪಾರದಲ್ಲಿ ಪಾಲು ಹಾಕುತ್ತಿದ್ದರು. ಬಕ್ರೀದಿಗೆಂದು ಕುರಿ ಬೆಳೆಸುವುದಕ್ಕೂ ಹಾಗೆಯೇ ಹಣ ಹಾಕಿದರು. ಓದಿದವರಿಗೆ ಇದನ್ನು ತಿಳಿಸಿ ಹೇಳಲು ಭಾಷಣ ಬೇಕಾಗಬಹುದು, ಸಾತಪ್ಪನಿಗೆ ಬೇಕಾಗಲಿಲ್ಲ. ಅವನ ಅಜ್ಜನೂ ಮಾಡಿದ್ದು ಇದನ್ನೇ. ಅವನ ಹೆಂಡತಿ ಮಾಯಕ್ಕನಿಗೆ ಮಾತ್ರ ಅನುಮಾನ.

"ಬಡ್ಡಿ ಅನ್ನಾಕ ನಾಚಿಕಿ, ಅದಕ್ಕ ಪಾಲು ಅಂತಾರ. ಎಲ್ಲಾ ಒಂದ" ಎನ್ನುತ್ತಿದ್ದಳು.

ಎಲ್ಲಾ ಒಂದಲ್ಲ ಎಂದು ತಿಳಿದದ್ದು ಒಂದು ವರ್ಷ ಮಳೆ ಬೇಗ ಹಿಡಿದಾಗ. ಜಾಂಬೋಟಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ ಸಾತಪ್ಪ ಹಿಂಡು ಎಬ್ಬಿಸಿಕೊಂಡು ಬರುವಷ್ಟರಲ್ಲಿ ಕಾಲು ಕೊಳೆತು, ಕೆಮ್ಮು ಹಿಡಿದು ಅರ್ಧ ಹಿಂಡು ಮಲಗಿಬಿಟ್ಟಿತು. ಹಿಂದೊಮ್ಮೆ ಬ್ಯಾಂಕಿನ ಸಾಲದಲ್ಲಿ ಕುರಿ ಕೊಂಡಾಗಲೂ ಹೀಗೇ ಆಗಿತ್ತು. ಬ್ಯಾಂಕಿನವರು ಒಳ್ಳೆಯವರೇ, ಅಯ್ಯೋ ಪಾಪ ಎಂದರು. ಆದರೆ ಸತ್ತ ಕುರಿ ಅವರ ಪುಸ್ತಕದಲ್ಲಿ ಬಡ್ಡಿ ಈಯುತ್ತಲೇ ಹೋಯಿತು. ಈ ಸಲ ಅವನು ಪದ್ಧತಿಯಂತೆ, ಮಾರಿಕೊಂಡಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಸತ್ತ ಕುರಿಗಳ ತೊಗಲನ್ನು ಹೊರೆ ಕಟ್ಟಿಕೊಂಡು ಪೀರನವಾಡಿಗೆ ಹೋದ. ದಸ್ತಗೀರಸಾಬರು ಹೊರೆ ಬಿಚ್ಚಲೇ ಇಲ್ಲ.

"ಪಾಲಿನಾಗ ಬಂದಿದ್ವು, ಪಾಲಿನಾಗ ಹೋದವು. ನಿನ್ನ ದುಡಿತ ಹೋತು, ನಮ್ಮ ರೊಕ್ಕ ಹೋತು. ಮುಂದಿನ ಮರಿ ಯಾವಾಗ ತರೂಣು ಹೇಳು" ಎಂದರು.

ಅವತ್ತು ಮಾಯಕ್ಕ ಬಾಯಿ ಮುಚ್ಚಿಕೊಂಡಳು. ಅದೇನು ಸಣ್ಣ ವಿಷಯವಲ್ಲ.

ಇಂಥ ಸಾತಪ್ಪ ಹೋರಾಟಕ್ಕೆ ಇಳಿದದ್ದು ಖಾನಾಪುರದ ದಾನೇಶ್ವರಿಯ ಮನೆಯ ಗೋಡೆ ನೋಡಿ. ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳು ಅವಳು. ವಾರದ ಕಂತಿನ ಸಾಲ ಕೊಡುವ ಒಂದು ಕಂಪನಿ ಅವಳ ಗೋಡೆಯ ಮೇಲೆ 'ಈ ಮನೆ ಸಾಲದಲ್ಲಿದೆ' ಎಂದು ಕೆಂಪು ಬಣ್ಣದಲ್ಲಿ ಬರೆಸಿ ಹೋಗಿತ್ತು. ಓಣಿಯ ಬಹಳ ಮನೆಗಳ ಹಣೆಬರಹವೂ ಅದೇ ಆಗಿತ್ತು. ಹೆಣ್ಣುಮಕ್ಕಳು ರೊಚ್ಚಿಗೆದ್ದರು. ಅವರನ್ನು ಒಗ್ಗೂಡಿಸಿದವರು ನಿವೃತ್ತ ಗುರುಪುತ್ರಪ್ಪ ಮಾಸ್ತರರು. ಸಾತಪ್ಪ ಕಲಿತ ನಾಲ್ಕು ಅಕ್ಷರ ಅವರೇ ಕಲಿಸಿದ್ದು. ಅವರು ಬಾ ಎಂದರು, ಇವನು ಡೊಳ್ಳು ಏರಿಸಿಕೊಂಡು ಹೋದ.

ಬೆಳಗಾವಿಯ ಚನ್ನಮ್ಮ ಸರ್ಕಲ್‌ನಲ್ಲಿ ಆ ಡೊಳ್ಳಿನ ಸದ್ದಿಗೆ ಬಸ್ಸುಗಳು ನಿಂತವು. ಟೆಂಪೋಗಳಲ್ಲಿ ಜನ ಬಂದರು, ಮೈಕು ಬಂತು, ಮಧ್ಯಾಹ್ನಕ್ಕೆ ಬಿಸಿಬಿಸಿ ಪಲಾವು ಬಂತು.

"ಇಷ್ಟೆಲ್ಲಾ ಯಾರು ಕಳಸ್ಯಾರ್ರಿ, ಮಾಸ್ತರ?" ಎಂದು ಸಾತಪ್ಪ ಒಮ್ಮೆ ಕೇಳಿದ.

"ಜನ" ಎಂದರು ಮಾಸ್ತರರು.

ಆ ಒಂದು ಮಾತಿಗೆ ಸಾತಪ್ಪ ಕರಗಿಹೋದ. ದೇವರಂಥ ಜನ ಎಂದುಕೊಂಡು ಇನ್ನೊಂದು ತುತ್ತು ಹೆಚ್ಚೇ ಉಂಡ.

ಆಮೇಲೆ ಗುಸುಗುಸು ಹಬ್ಬಿತು. ಈ ಹೋರಾಟಕ್ಕೆ ಪೀರನವಾಡಿಯ ಸಾಬರ ದುಡ್ಡಂತೆ, ಬಡ್ಡಿ ಕಂಪನಿ ಓಡಿಸಿ ತಮ್ಮ ಸೊಸೈಟಿ ಬೆಳೆಸುವ ಹುನ್ನಾರವಂತೆ, ಹಣ ಅರಬ್ ದೇಶದಿಂದ ಬರುತ್ತದಂತೆ. ಯಾರು ಹೇಳಿದರು ಎಂದರೆ ಎಲ್ಲರೂ ಇನ್ನೊಬ್ಬರತ್ತ ಕೈ ತೋರಿಸುವವರೇ. ಟೆಂಪೋ ಹತ್ತುತ್ತಿದ್ದ ಹೆಂಗಸರು ಹಿಂದೆ ಸರಿಯತೊಡಗಿದರು. ಮಾಸ್ತರರು ಸಾತಪ್ಪನನ್ನು ಮನೆಗೆ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡರು.

"ಸಾತಪ್ಪ, ಹೋರಾಟ ಉಳೀಬೇಕಂದ್ರ ನೀ ಭಂಡಾರ ಹಿಡೀಬೇಕು. ಇದರಾಗ ಯಾರ ರೊಕ್ಕಾನೂ ಇಲ್ಲಂತ ಜನರ ಮುಂದ ಹೇಳಬೇಕು."

"ನೀವ ಹೇಳ್ರಿ ಮಾಸ್ತರ, ನೀವು ಹಿರ್ಯಾರು."

"ನಮ್ಮ ಮನ್ಯಾಗ ಭಂಡಾರ ಹಿಡಿಯೂ ಪದ್ಧತಿ ಇಲ್ಲಪಾ. ಮತ್ತ ಜನ ನಂಬೂದು ನಿನ್ನ ಮಾತು. ಇನ್ನೊಂದು, ಆ ಸಾಬರ ಕುರಿ ವಾಪಸ್ ಕೊಟ್ಟಬಿಡು. ನಿನ್ನ ಕಡೆ ಯಾರೂ ಬೊಟ್ಟು ಮಾಡಬಾರದು."

ಭಂಡಾರವೆಂದರೆ ಬೀರದೇವರ ಅರಿಶಿಣ. ಅದನ್ನು ಅಂಗೈಯಲ್ಲಿ ಹಿಡಿದು ಕುರುಬ ಸುಳ್ಳಾಡುವುದಿಲ್ಲ. ಆಡಿದವನ ಹಿಂಡು ಉಳಿಯುವುದಿಲ್ಲ, ಅಂಥವನಿಗೆ ಯಾರೂ ಮರಿ ಕೊಡುವುದೂ ಇಲ್ಲ. ತನ್ನ ಕಣ್ಣಾರೆ ಕಂಡದ್ದಕ್ಕೆ ಮಾತ್ರ ಭಂಡಾರ ಹಿಡಿಯಬೇಕೆಂದು ಹಿರಿಯರು ಹೇಳಿದ್ದರು. ಸಾತಪ್ಪನೋ, ಮಾಸ್ತರರು ಕಂಡದ್ದಕ್ಕೆ ಹಿಡಿದ. ತಾನು ಗುರು ಎಂದು ನಂಬಿದವರ ಕಣ್ಣೂ ತನ್ನ ಕಣ್ಣೂ ಬೇರೆ ಎಂದು ಅವನಿಗೆ ಅನಿಸಲೇ ಇಲ್ಲ. ಖಾನಾಪುರದ ಬಯಲಿನಲ್ಲಿ, ದಾನೇಶ್ವರಿಯಂಥ ನೂರಾರು ಹೆಂಗಸರ ಮುಂದೆ, "ಈ ಹೋರಾಟದಾಗ ಯಾರದೂ ಒಂದು ರೂಪಾಯಿ ಇಲ್ಲ, ಇದ್ರ ಬೀರಪ್ಪ ನನ್ನ ನೋಡ್ಕೊಳ್ಳಲಿ" ಎಂದು ಹಣೆಗೆ ಹಚ್ಚಿಕೊಂಡ. ಇದರಿಂದ ದಸ್ತಗೀರಸಾಬರ ಮೇಲಿನ ಅಪವಾದವೂ ತೊಳೆದುಹೋಗುತ್ತದೆ ಎಂದು ಒಳಗೊಳಗೇ ಹಿಗ್ಗಿದ.

ಮರುದಿನ ಹಿಂಡು ಹೊಡೆದುಕೊಂಡು ಪೀರನವಾಡಿಗೆ ಹೋದ. ಬಕ್ರೀದ್ ಇನ್ನೂ ದೂರವಿತ್ತು, ಕುರಿಗಳು ಮೈ ತುಂಬಿರಲಿಲ್ಲ. ನಡುವೆ ಪಾಲು ಮುರಿಯುವುದು ಅವನ ಮನೆತನದಲ್ಲೇ ನಡೆದಿರಲಿಲ್ಲ.

"ಈಗ್ಯಾಕೋ?" ಎಂದರು ದಸ್ತಗೀರಸಾಬರು.

"ಹೋರಾಟದ ಸಲುವಾಗಿ, ಭಾಯಿ. ತಿಳ್ಕೋರಿ."

ಅವರು ತಿಳಿದುಕೊಂಡರೋ ಇಲ್ಲವೋ, ಕುರಿಗಳನ್ನು ಒಳಗೆ ಬಿಡಿಸಿಕೊಂಡರು.

ಹೋರಾಟ ಗೆದ್ದಿತು. ಕಂಪನಿ ಖಾನಾಪುರದ ಕಚೇರಿಗೆ ಬೀಗ ಹಾಕಿ ಹೋಯಿತು, ಗೋಡೆಗಳಿಗೆ ಸುಣ್ಣ ಬಿತ್ತು. ಮಳೆಗಾಲ ಕಳೆದ ಮೇಲೆ ಅದೇ ಕಟ್ಟಡದಲ್ಲಿ ಬೆಳಗಾವಿಯ ಸಾವಕಾರರೊಬ್ಬರ ಹೊಸ ಸೊಸೈಟಿಯ ಶಾಖೆ ತೆರೆಯಿತು. ಉದ್ಘಾಟನೆಗೆ ಡೊಳ್ಳು ಬೇಕೆಂದು ಕರೆದರು. ಕೂಲಿ ಎಂದು ಸಾತಪ್ಪ ಹೋದ. ವೇದಿಕೆಯ ಮೇಲೆ ಮಾಸ್ತರರನ್ನು ಕಂಡು ಖುಷಿಯೂ ಆಯಿತು. ಸೊಸೈಟಿಯ ಚೇರಮನ್ ಆದ ಸಾವಕಾರರು ಅವರಿಗೆ ಶಾಲು ಹೊದಿಸಿ ಮೈಕು ಹಿಡಿದರು.

"ಖಾನಾಪುರದ ತಾಯಂದಿರ ಹೋರಾಟದ ಹಿಂದ ಮೊದಲನೇ ದಿನದಿಂದ ನಾವು ನಿಂತೇವಿ. ಟೆಂಪೋ ನಮ್ಮದು, ಮೈಕು ನಮ್ಮದು, ಊಟಾ ನಮ್ಮದು. ಹೆಸರು ಬ್ಯಾಡ ಅಂತ ಸುಮ್ಮನಿದ್ವಿ. ನಮ್ಮ ಗುರುಪುತ್ರಪ್ಪ ಮಾಸ್ತರಿಗೆ ಎಲ್ಲಾ ಗೊತ್ತೈತಿ."

ಚಪ್ಪಾಳೆ ಬಿತ್ತು. ಕಳ್ಳತನವನ್ನು ಕದ್ದು ಹೇಳಬೇಕೆಂಬ ನಾಚಿಕೆಯಾದರೂ ಬೇಡವೇ? ಮೈಕಿನಲ್ಲೇ ಹೇಳಿ, ಶಾಲು ಹೊದಿಸಿ, ಪೇಢೆ ಹಂಚಿದರು. ಬಾರಿಸು, ಬಾರಿಸು ಎಂದು ಯಾರೋ ಸಾತಪ್ಪನ ಹೆಗಲು ತಟ್ಟಿದರು. ಅವನ ಕೈ ಏಳಲಿಲ್ಲ. ಡೊಳ್ಳು ಇಳಿಸಿ ಕೆಳಗಿಟ್ಟ.

ಮಾಸ್ತರರು ಕೆಳಗಿಳಿದು ಬಂದಾಗ ಅಡ್ಡ ನಿಂತ.

"ನಿಮಗ ಗೊತ್ತಿತ್ತೇನ್ರಿ?"

"ಕಂಪನಿ ಹೋತಿಲ್ಲೋ? ರೊಕ್ಕ ಇಲ್ಲದ ಯಾವ ಹೋರಾಟ ನಡದೈತಿ ಹೇಳು."

"ಮತ್ತ ಭಂಡಾರ ಯಾಕ ಹಿಡಿಸಿದ್ರಿ?"

ಮಾಸ್ತರರು ಶಾಲು ಸರಿಮಾಡಿಕೊಂಡರು. "ಹಿಡದಾಂವ ನೀನು, ಸಾತಪ್ಪ. ನಾ ಹಿಡದಿಲ್ಲ."

ಅಕ್ಷರ ಕಲಿಸಿದ ಬಾಯಿಂದಲೇ ಈ ಮಾತು ಬಂತು. ಸಾತಪ್ಪನಿಗೆ ಅವರನ್ನು ಬಯ್ಯಲೂ ಆಗಲಿಲ್ಲ. ಡೊಳ್ಳು ಹೆಗಲಿಗೇರಿಸಿಕೊಂಡು ಪೀರನವಾಡಿಯ ಬಸ್ಸು ಹತ್ತಿದ.

ದಸ್ತಗೀರಸಾಬರ ಸೊಸೈಟಿಯ ಬಾಗಿಲು ಮುಚ್ಚಿತ್ತು. ಅವರು ಮನೆಯಲ್ಲಿದ್ದರು. ಚಹಾ ತರಿಸಿದರು, ಎಲ್ಲ ಕೇಳಿಕೊಂಡರು.

"ನೀ ಭಂಡಾರ ಹಿಡದಿ ಅಂತ ಕೇಳಿ ನನಗ ಸಮಾಧಾನ ಆಗಿತ್ತು. ಆದ್ರ ಮರುದಿನ ಕುರಿ ತಂದು ಬಿಟ್ಟಿ ನೋಡು, ಅದನ್ನ ರಸ್ತಾದಾಗ ಎಲ್ಲಾರೂ ನೋಡಿದ್ರು. ಸಾತಪ್ಪನಂಥಾಂವ ಪಾಲು ಮುರದು ಬಂದಾನಂದ್ರ ಸಾಬರ ಕಡೆ ಏನೋ ಐತಿ ಅಂದ್ರು. ರೊಕ್ಕ ಇಟ್ಟವರು ಒಬ್ಬೊಬ್ಬರ ಬಂದು ತಗೊಂಡು ಹೋದ್ರು. ಗುಸುಗುಸಾನ ನಾವು ತಡಕೊಂಡಿದ್ವಿ. ನಿನ್ನ ಕುರಿ ತಡಕೊಳ್ಳಾಕ ಆಗಲಿಲ್ಲ."

"ನನಗ ತಿಳೀಲಿಲ್ಲ, ಭಾಯಿ."

"ನನ್ನ ಒಂದು ಮಾತು ಕೇಳಬೇಕಿತ್ತು" ಎಂದರು ಅವರು. ಮತ್ತೆ ಮರಿಯ ಮಾತು ಎತ್ತಲಿಲ್ಲ.

ಮನೆಗೆ ಬಂದು ಮಾಯಕ್ಕನಿಗೆ ಹೇಳಿದ. ಅವಳು ತಲೆ ಮೇಲೆ ಕೈ ಹೊತ್ತಳು. ಆಮೇಲೆ, "ಭಂಡಾರ ಹಿಡದಲ್ಲೇ ಹೋಗಿ ಬಿಡಿಸ್ಕೊಂಡು ಬಾ. ಜನರ ಮುಂದ ಹೇಳು" ಎಂದಳು.

ಸಂತೆಯ ದಿನ ಸಾತಪ್ಪ ಖಾನಾಪುರದ ಅದೇ ಬಯಲಿನಲ್ಲಿ ಡೊಳ್ಳು ಬಾರಿಸಿದ. ಜನ ಸೇರಿದರು. "ನಾ ಹಿಡದ ಭಂಡಾರ ಸುಳ್ಳಾಗೈತಿ. ಹೋರಾಟಕ್ಕ ರೊಕ್ಕ ಹಾಕಿದಾಂವ ಹೊಸ ಸೊಸೈಟಿ ಸಾವಕಾರ. ಪೀರನವಾಡಿಯವರು ಹಾಕಿಲ್ಲ. ನನ್ನ ಮಾತು ನಂಬಿದವರು ನನ್ನ ಉಗೀರಿ" ಎಂದು ಕೂಗಿದ. ಯಾರೂ ಉಗಿಯಲಿಲ್ಲ. ಕೆಲವರು ನಕ್ಕರು, ಕೆಲವರು ಕಾಯಿಪಲ್ಯೆಯ ಚೀಲ ಎತ್ತಿಕೊಂಡು ನಡೆದರು. ದಾನೇಶ್ವರಿ ರೊಟ್ಟಿ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆದರಿಕೆ ತಂದಿತು.

"ತಡಾ ಮಾಡಿದಿ, ಕಾಕಾ. ಮೊನ್ನೆ ನಾವು ಓಣಿ ಮಂದಿ ಎಲ್ಲಾ ಆ ಹೊಸ ಸೊಸೈಟ್ಯಾಗ ಸಾಲಾ ತಗೊಂಡ್ವಿ. ಬಡ್ಡಿ ಆ ಕಂಪನಿಕಿಂತ ಹೆಚ್ಚ ಐತಿ."

"ಯಾಕ ತಗೊಂಡ್ರಿ? ಮತ್ತ ಅದ ಬಾವಿಗೆ ಯಾಕ ಬಿದ್ರಿ?"

"ಅವರ ಉದ್ಘಾಟನ್ಯಾಗ ಡೊಳ್ಳು ಬಾರಸಾಕ ನೀ ಬಂದಿದ್ಯಲ್ಲ" ಎಂದಳು ದಾನೇಶ್ವರಿ. "ಸಾತಪ್ಪ ಕಾಕಾ ನಿಂತಲ್ಲಿ ಮೋಸ ಇರೂದಿಲ್ಲ ಅಂತ ಸಹಿ ಮಾಡಿದ್ವಿ."